ಗಾಜಿನ ನೂಲಿನ ತೇಪೆ

ನಮ್ಮ ಶಾಲೆಯ ಸ್ಮರಣ ಸಂಚಿಕೆಗೆ ಹಳೆಯ ವಿದ್ಯಾರ್ಥಿನಿಯರು ತಮ್ಮ ಅನುಭವದಿಂದ ಏನಾದರೊಂದನ್ನು ಬರೆದು ಕಳುಹಿಸಬೇಕೆಂದು ಸಂಪಾದಕಿಯವರು ಕೇಳಿಕೊಂಡಿದ್ದಾರೆ. ನನ್ನ ಸಹಪಾಠಿನಿಯರಲ್ಲಿ ಕೆಲವರು ವೈದ್ಯರಾಗಿಯೂ ಕೆಲವರು ಉಪಾಧ್ಯಾಯಿನಿಯರಾಗಿಯೂ ದೂರದೇಶಗಳಲ್ಲಿದ್ದಾರೆ. ಅವರು ಬರೆಯತಕ್ಕ ವಿಷಯಗಳು ಬೇರೆ. ನಾನಾದರೋ ಹೊಲಿಗೆಯ ಯಂತ್ರದ ಮುಂದೆ ಕೂತು ಜೀವನ ಸಾಗಿಸುವವಳು. ಆದಕಾರಣ ನನ್ನ ಕೈಗೆ ಸಿಕ್ಕಿದ ವಿಷಯವನ್ನೇ ಬರೆಯುತ್ತೇನೆ. ಅದು ಮೋಟಾರು ಸೈಕಲ್ಲಿನ ಒಡೆದ ಫೈಬರ್ ಗ್ಲಾಸ್ ಕವಚವನ್ನು ಅಲ್ಪ ಖರ್ಚಿನಲ್ಲಿ ಸರಿಪಡಿಸಿದ ಸಂಗತಿ. ಹೆಣ್ಣುಮಕ್ಕಳ ಶಾಲೆಯ ಪುಸ್ತಕದಲ್ಲಿ ಇದೆಂಥ ವಿಷಯವೆಂದು ಯಾರಾದರೂ ನಕ್ಕರೆ ನಗಲಿ. ಈ ಶಾಲೆಯಲ್ಲಿ ಕಲಿತ ಹುಡುಗಿಯರಲ್ಲಿ ಎಷ್ಟೋ ಮಂದಿ ಈಗ ಎರಡು ಗಾಲಿಗಳ ಮೇಲೆಯೇ ಕೆಲಸಕ್ಕೆ ಹೋಗಿ ಬರುತ್ತಾರೆ.

ನನ್ನ ಮಗಳು ಒಂದು ಆಸ್ಪತ್ರೆಯ ರಕ್ತಪರೀಕ್ಷೆಯ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಾಳೆ. ಮನೆಯಿಂದ ಅಲ್ಲಿಗೆ 22 ಕಿಲೋಮೀಟರು. ರಾತ್ರಿಯ ಪಾಳಿಯ ದಿನ ಅವಳು ಹೊರಡುವ ಹೊತ್ತಿಗೆ ನಮ್ಮೂರಿನ ಕಡೆಯ ಬಸ್ಸು ಹೋಗಿ ಒಂದು ತಾಸಾಗಿರುತ್ತದೆ. ಕಾಲವಾದ ನನ್ನ ಯಜಮಾನರು ಬಿಟ್ಟುಹೋದ ಮೋಟಾರು ಸೈಕಲ್ಲೇ ಅವಳಿಗೆ ಗತಿ. ಜುಲೈ ತಿಂಗಳ ಕಡೆಯ ವಾರದಲ್ಲಿ, ಆಟಿಯ ಮಳೆ ಬಿಡದೆ ಹೊಡೆಯುತ್ತಿದ್ದಾಗ, ಒಂದು ತಿರುವಿನಲ್ಲಿ ಗಾಡಿ ಜಾರಿ ಅವಳು ಬಿದ್ದಳು. ಮೊಣಕೈಯ ಚರ್ಮ ತರಚಿತೇ ಹೊರತು ಮತ್ತೇನೂ ಆಗಲಿಲ್ಲ. ಆದರೆ ಗಾಡಿಯ ಮುಂಭಾಗವನ್ನು ಸುತ್ತಿಕೊಂಡಿರುವ, ಫೇರಿಂಗ್ ಎಂದು ಕರೆಯಲ್ಪಡುವ ಕವಚದ ಎಡಬದಿ ಸೀಳಿಹೋಗಿತ್ತು. ಅಂಗೈಯಷ್ಟು ಅಗಲದ ಒಂದು ತುಂಡು ರಸ್ತೆಯಲ್ಲೇ ಪುಡಿಯಾಗಿ ನೀರಿನಲ್ಲಿ ಹೋಯಿತು. ಬರೇ ಅಂದಕ್ಕಾಗಿ ಇರುವ ಕವಚವಾಗಿದ್ದರೆ ಕಳಚಿಟ್ಟು ಗಾಡಿಯನ್ನು ಓಡಿಸಬಹುದಿತ್ತು. ಆ ಗಾಡಿಯಲ್ಲಿ ಮುಂದೀಪವೂ ತಿರುವಿನ ಸೂಚಕ ದೀಪಗಳೂ ಆ ಕವಚವನ್ನೇ ಆಶ್ರಯಿಸಿಕೊಂಡಿದ್ದವು.

ಪೇಟೆಯ ಒಂದು ಅಂಗಡಿಯಲ್ಲಿ ಹೊಸ ಕವಚಕ್ಕೆ 8,500 ರೂಪಾಯಿ ಹೇಳಿದರು. ಬಣ್ಣದ ಖರ್ಚು ಬೇರೆ. ಸಾಮಾನು ಬರುವದಕ್ಕೆ ಒಂದೂವರೆ ತಿಂಗಳು. "ಇದು ಫೈಬರ್, ಅಮ್ಮಾ, ಇದನ್ನು ಅಂಟಿಸಲಿಕ್ಕಾಗುವದಿಲ್ಲ" ಎಂದು ಹೇಳಿ ಅಂಗಡಿಯವರು ತಮ್ಮ ಕೆಲಸಕ್ಕೆ ತಿರುಗಿದರು. ಆ ಸಂಜೆ ನನ್ನ ಭಾವನವರು ಮನೆಗೆ ಬಂದು ಸುಮ್ಮನೆ ಕೂತರು. ಅವರು ನಮ್ಮ ಹಿತವನ್ನೇ ಬಯಸುವವರು. ಚಹಾ ಕುಡಿದ ಮೇಲೆ, "ಗಾಡಿಯನ್ನು ಬಂದ ಬೆಲೆಗೆ ಕೊಟ್ಟುಬಿಡು. ಹುಡುಗಿ ಹತ್ತಿರದಲ್ಲೇ ಏನಾದರೂ ನೋಡಿಕೊಳ್ಳಲಿ" ಎಂದರು. ಮಗಳು ಒಳಗಿನ ಕೋಣೆಯಲ್ಲಿದ್ದು ಎಲ್ಲವನ್ನೂ ಕೇಳಿಸಿಕೊಂಡಳು, ಹೊರಗೆ ಬರಲಿಲ್ಲ. ಹತ್ತಿರದಲ್ಲಿ ಏನೂ ಇಲ್ಲವೆಂಬದು ನಮ್ಮ ಮೂವರಿಗೂ ಗೊತ್ತಿತ್ತು. ಒಂದು ವಾರದ ಅವಕಾಶ ಕೊಡಿರೆಂದು ನಾನು ಭಾವನವರನ್ನು ಕೇಳಿಕೊಂಡೆ.

ಇಲ್ಲಿ ಒಂದು ಮಾತನ್ನು ಮೊದಲೇ ಹೇಳಬೇಕು. ನಮ್ಮ ಕಡೆ ಗಾಡಿಯ ಮೈಮೇಲಿನ ಎಲ್ಲಾ ಕವಚಗಳನ್ನೂ ಜನರು 'ಫೈಬರ್' ಎಂದೇ ಕರೆಯುತ್ತಾರೆ. ಆದರೆ ಅವು ಎರಡು ಬೇರೆ ಜಾತಿಯವು. ದೊಡ್ಡ ಕಾರಖಾನೆಗಳಿಂದ ಸಾವಿರಗಟ್ಟಲೆ ಬರುವ ಗಾಡಿಗಳ ಕವಚಗಳು ಹೆಚ್ಚಾಗಿ ಎ.ಬಿ.ಎಸ್. ಮುಂತಾದ ಪ್ಲಾಸ್ಟಿಕ್ಕಿನವು, ಕರಗಿದ ಪ್ಲಾಸ್ಟಿಕ್ಕನ್ನು ಉಕ್ಕಿನ ಅಚ್ಚಿನೊಳಗೆ ಒತ್ತಿ ಅವನ್ನು ಮಾಡುತ್ತಾರೆ. ಅಂಥಾ ಉಕ್ಕಿನ ಅಚ್ಚಿಗೆ ಬಹಳ ಹಣ ಬೇಕಾಗುವದರಿಂದ ಸಣ್ಣ ಕೆಲಸದ ಮನೆಯವರು ಬೇರೊಂದು ದಾರಿ ಹಿಡಿಯುತ್ತಾರೆ. ಸಾಧಾರಣವಾದ ಒಂದು ಅಚ್ಚಿನಲ್ಲಿ ಗಾಜಿನ ನೂಲಿನ ಹಾಸನ್ನು ಹರಡಿ, ಅಂಟುದ್ರವವನ್ನು ಕುಡಿಸಿ, ಗಟ್ಟಿಯಾದ ಮೇಲೆ ಎಬ್ಬಿಸುತ್ತಾರೆ. ಇದೇ ನಿಜವಾದ ಫೈಬರ್ ಗ್ಲಾಸ್. ನಮ್ಮ ಗಾಡಿಯ ಮೂಲ ಪ್ಲಾಸ್ಟಿಕ್ ಕವಚ ಬಹಳ ಹಿಂದೆಯೇ ಮುರಿದಿದ್ದರಿಂದ ಯಜಮಾನರು ಅದೇ ಆಕಾರದ ಫೈಬರ್ ಗ್ಲಾಸಿನದನ್ನು ಹಾಕಿಸಿದ್ದರು.

ಗುರುತು ಹಿಡಿಯುವದು ಕಷ್ಟವಲ್ಲ. ಕವಚವನ್ನು ತಿರುವಿ ಒಳಮೈಯನ್ನು ನೋಡಬೇಕು. ಪ್ಲಾಸ್ಟಿಕ್ಕಾದರೆ ಎರಡು ಮೈಯೂ ನಯವಾಗಿದ್ದು, ಒಳಗಡೆ ಎಲ್ಲಿಯಾದರೂ ಅದರ ಜಾತಿಯ ಅಕ್ಷರಗಳು ಅಚ್ಚಾಗಿರುವದು ವಾಡಿಕೆ. ಫೈಬರ್ ಗ್ಲಾಸಾದರೆ ಒಳಮೈ ಒರಟಾಗಿರುತ್ತದೆ. ಒಡೆದ ಅಂಚಿನಲ್ಲಿ ಬಿಳಿಯ ನೂಲಿನ ಎಳೆಗಳು ಸೀರೆಯ ಕುಚ್ಚಿನ ಹಾಗೆ ಎದ್ದು ಕಾಣುತ್ತವೆ. ಇನ್ನೂ ಸಂದೇಹವಿದ್ದರೆ ಕಾಣದ ಒಂದು ಮೂಲೆಗೆ ಒಂದು ತೊಟ್ಟು ಅಸಿಟೋನ್ ಹಾಕಿ ನೋಡಬಹುದು. ಎ.ಬಿ.ಎಸ್. ಆದರೆ ಆ ಜಾಗ ಮೆದುವಾಗಿ ಬೆರಳಿಗೆ ಅಂಟುತ್ತದೆ. ಫೈಬರ್ ಗ್ಲಾಸ್ ಅಲುಗುವದಿಲ್ಲ. ಈ ಪರೀಕ್ಷೆಯನ್ನು ಬಿಟ್ಟು ಕೆಲಸಕ್ಕೆ ಕೈಹಾಕಬಾರದು. ಯಾಕಂದರೆ ನಾನು ಮುಂದೆ ಹೇಳುವ ಉಪಾಯವು ಪ್ಲಾಸ್ಟಿಕ್ಕಿನ ಕವಚಕ್ಕೆ ಒಗ್ಗುವದಿಲ್ಲ. ಅಂಟು ಹಿಡಿದಂತೆ ತೋರಿ, ನಾಲ್ಕು ದಿನದ ಅಲುಗಾಟಕ್ಕೆ ಸಿಪ್ಪೆಯಂತೆ ಬಿಟ್ಟುಕೊಳ್ಳುತ್ತದೆ.

ಗಾಜಿನಿಂದ ನೂಲೆಳೆಯುವ ಉದ್ಯಮವು ಅಷ್ಟೇನೂ ಪುರಾತನವಲ್ಲ. ಅಮೇರಿಕದಲ್ಲಿ ಇದಕ್ಕಾಗಿಯೇ ಓವೆನ್ಸ್-ಕಾರ್ನಿಂಗ್ ಎಂಬ ಕಂಪನಿಯು 1938ರಲ್ಲಿ ಸ್ಥಾಪಿತವಾಯಿತು. 1953ರಲ್ಲಿ ಶೆವ್ರೊಲೆ ಕಂಪನಿಯವರು ಕಾರ್ವೆಟ್ ಎಂಬ ಮೋಟಾರಿನ ಇಡೀ ಮೈಯನ್ನು ಫೈಬರ್ ಗ್ಲಾಸಿನಿಂದ ಮಾಡಿದರು. ಮರುವರ್ಷ ಇಂಗ್ಲೆಂಡಿನ ವಿನ್ಸೆಂಟ್ ಕಂಪನಿಯವರು ಬ್ಲ್ಯಾಕ್ ಪ್ರಿನ್ಸ್, ಬ್ಲ್ಯಾಕ್ ನೈಟ್ ಎಂಬ ತಮ್ಮ ಮೋಟಾರು ಸೈಕಲ್ಲುಗಳಿಗೆ ಇದೇ ಪದಾರ್ಥದ ಪೂರ್ಣ ಕವಚವನ್ನು ತೊಡಿಸಿ ಲಂಡನಿನ ಪ್ರದರ್ಶನದಲ್ಲಿಟ್ಟರು. 1955ರ ಕೊನೆಗೆ ಆ ಕಂಪನಿ ಮೋಟಾರು ಸೈಕಲ್ಲುಗಳ ತಯಾರಿಯನ್ನೇ ನಿಲ್ಲಿಸಿತು. ಕವಚದ ವಿದ್ಯೆ ಮಾತ್ರ ಉಳಿಯಿತು. ನಮ್ಮ ಕರಾವಳಿಗೆ ಇದು ಬಂದದ್ದು ದೋಣಿಗಳ ಮೂಲಕ.

ನನಗೆ ನೆರವು ದೊರೆತದ್ದೂ ದೋಣಿಯವರಿಂದಲೇ. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರ ತನಕ ಯಂತ್ರದ ದೋಣಿಗಳು ಮೀನುಗಾರಿಕೆಗೆ ಇಳಿಯುವದು ನಿಷಿದ್ಧವೆಂಬದನ್ನು ವಾಚಕರು ಬಲ್ಲರು. ಆ ಎರಡು ತಿಂಗಳು ದೋಣಿಗಳ ದುರಸ್ತಿಯ ಕಾಲ. ನಾನು ಮಲ್ಪೆಗೆ ಹೋದ ದಿನ ದಡದ ಮೇಲೆ ತಾಡಪಾಲಿನ ಕೆಳಗೆ ಒಬ್ಬ ಹಿರಿಯರು ಒಂದು ಸಣ್ಣ ದೋಣಿಯ ಮೂತಿಗೆ ತೇಪೆ ಹಾಕುತ್ತಾ ಕೂತಿದ್ದರು. ನಾನು ಕೈಚೀಲದಿಂದ ಕವಚದ ತುಂಡನ್ನು ತೆಗೆದು, "ಅಣ್ಣಾ, ಇದು ಸರಿಯಾದೀತೇ?" ಎಂದು ಕೇಳಿದೆ. ಅವರು ಅದನ್ನು ಉಗುರಿನಿಂದ ತಟ್ಟಿ ನೋಡಿ, "ದೋಣಿಯೇ ಸರಿಯಾಗುತ್ತದೆ, ಇದೆಷ್ಟರದು ಅಮ್ಮಾ? ಆದರೆ ಒಡೆದ ಕಡೆ ಮಾತ್ರ ಹಚ್ಚಿದರೆ ನಿಲ್ಲದು. ಗಟ್ಟಿ ಇರುವ ಕಡೆಯಿಂದ ಹಿಡಿದುಕೊಂಡು ಬರಬೇಕು" ಎಂದರು.

ಆ ಮಾತನ್ನು ಕೇಳಿದ ಕೂಡಲೇ ನನಗೆ ನಮ್ಮ ಶಾಲೆಯ ಹೊಲಿಗೆಯ ತರಗತಿ ಜ್ಞಾಪಕಕ್ಕೆ ಬಂತು. ರಫು ಮಾಡುವದನ್ನು ಕಲಿಸುವಾಗ ನಮ್ಮ ಉಪಾಧ್ಯಾಯಿನಿಯವರು ತೂತಿನ ಅಂಚಿಗೆ ಸೂಜಿ ಇಡಲು ಬಿಡುತ್ತಿರಲಿಲ್ಲ. ತೂತಿನಿಂದ ಒಂದು ಬೆರಳು ಹಿಂದೆ, ಗಟ್ಟಿ ಬಟ್ಟೆಯಿಂದ ಹೊರಟು, ತೂತನ್ನು ದಾಟಿ, ಆಚೆಯ ಗಟ್ಟಿ ಬಟ್ಟೆಯಲ್ಲಿ ಒಂದು ಬೆರಳು ಹೋಗಿ ತಿರುಗಬೇಕು. ಸಾಲುಗಳ ಕೊನೆಗಳು ಒಂದೇ ಗೆರೆಯಲ್ಲಿ ನಿಲ್ಲಬಾರದು. ನಿಂತರೆ ಆ ಗೆರೆಯಲ್ಲೇ ಬಟ್ಟೆ ಹರಿಯುತ್ತದೆ. ರಫು ಬಟ್ಟೆಗಿಂತ ದಪ್ಪವಾಗಬಾರದು. ಗಾಜಿನ ನೂಲಿಗೂ ನಿಯಮಗಳು ಇವೇ! ನಲವತ್ತು ವರ್ಷಗಳ ಹಿಂದೆ ಕಾಲುಚೀಲದ ಹಿಮ್ಮಡಿಯ ಮೇಲೆ ಕಲಿತದ್ದನ್ನು ಮೋಟಾರು ಸೈಕಲ್ಲಿಗೆ ಉಪಯೋಗಿಸುವೆನೆಂದು ನಾನಾಗಲಿ ಅವರಾಗಲಿ ಎಣಿಸಿರಲಿಲ್ಲ.

ಕೆಲಸದ ಕ್ರಮವನ್ನು ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ. ಮೊದಲು ಕವಚವನ್ನು ಕಳಚಿ ಸಾಬೂನಿನಿಂದ ತೊಳೆದು ಎರಡು ದಿನ ಒಳಗೆ ಒಣಗಿಸಿದೆವು. ಒಡೆದ ಎಳೆಗಳ ನಡುವೆ ನೀರು ನಿಂತಿದ್ದರೆ ಅಂಟು ಹಿಡಿಯುವದಿಲ್ಲ. ಎಣ್ಣೆಯ ಪಸೆಯನ್ನು ಅಸಿಟೋನಿನಲ್ಲಿ ಅದ್ದಿದ ಬಟ್ಟೆಯಿಂದ ಒರಸಿದೆವು. ಉಜ್ಜುವದಕ್ಕಿಂತ ಮುಂಚೆ ಒರಸಬೇಕು; ಹಾಗಲ್ಲದಿದ್ದರೆ ಪಸೆಯನ್ನೇ ಒಳಕ್ಕೆ ತಿಕ್ಕಿದಂತಾಗುವದು. ಬಿರುಕು ಎಲ್ಲಿ ಮುಗಿಯುತ್ತದೋ ಅಲ್ಲಿ ಸುಮಾರು 3 ಮಿಲಿಮೀಟರಿನ ಒಂದು ರಂಧ್ರ ಕೊರೆದೆವು. ಬಿರುಕಿನ ಚೂಪಾದ ತುದಿಯಲ್ಲಿಯೇ ಎಳೆತವೆಲ್ಲಾ ಕೂಡಿಕೊಳ್ಳುವದರಿಂದ, ಆ ತುದಿಯನ್ನು ಉರುಟಾಗಿಸಿದರೆ ಬಿರುಕು ಮುಂದೆ ಓಡುವದಿಲ್ಲ.

ಇದಾದ ಮೇಲೆ ಕವಚವನ್ನು ತಿರುಗಿ ಗಾಡಿಗೆ ಬೋಲ್ಟು ಹಾಕಿ ಕೂರಿಸಿದೆವು. ಇದು ಬಹಳ ಮುಖ್ಯ. ಮೇಜಿನ ಮೇಲೆ ಜೋಡಿಸಿ ಅಂಟಿಸಿದ ಕವಚ ನೋಡಲು ಚೆನ್ನಾಗಿದ್ದರೂ ಬೋಲ್ಟಿನ ತೂತುಗಳು ಕೂಡದೆ, ಎಳೆದು ಕೂರಿಸಿದಾಗ ತಿರುಗಿ ಒಡೆಯುತ್ತದೆ. ಗಾಡಿಯ ಮೇಲೆಯೇ ಒಡಕುಗಳನ್ನು ಸರಿಹೊಂದಿಸಿ, ಹೊರಮೈಗೆ ಅಂಟುಪಟ್ಟಿ ಬಿಗಿದು, ಒಳಗಡೆ ಅಲ್ಲಲ್ಲಿ ಸಣ್ಣ ತೇಪೆಗಳನ್ನಿಟ್ಟು ಗಟ್ಟಿಯಾದ ಮೇಲೆ ಕಳಚಿದೆವು. ಹೊಲಿಗೆಯವರು ಇದನ್ನು ಕಚ್ಚಾ ಹೊಲಿಗೆ ಎನ್ನುತ್ತಾರೆ.

ಅನಂತರ ಒಳಮೈಯನ್ನು ಇಳಿಜಾರಾಗಿ ಉಜ್ಜಬೇಕು. ದಪ್ಪಕ್ಕೆ ಹನ್ನೆರಡು ಪಾಲು ಅಗಲವೆಂಬದು ದೋಣಿಯವರ ಲೆಕ್ಕ. ನಮ್ಮ ಕವಚದ ದಪ್ಪ ಎರಡೂವರೆ ಮಿಲಿಮೀಟರು. ಆದುದರಿಂದ ಬಿರುಕಿನ ಎರಡೂ ಕಡೆ 30 ಮಿಲಿಮೀಟರಿನಂತೆ, ಬಿರುಕಿನ ಬಳಿ ಆಳವಾಗಿಯೂ ದೂರ ಹೋದಂತೆ ತೆಳುವಾಗಿಯೂ ಉಜ್ಜಿದೆವು. ಯಂತ್ರವಿಲ್ಲದ್ದರಿಂದ ಮರದ ತುಂಡಿಗೆ 60ನೇ ನಂಬರಿನ ಉಪ್ಪುಕಾಗದ ಸುತ್ತಿ ಉಜ್ಜಿದ್ದು. ಒಂದು ಮಧ್ಯಾಹ್ನ ಪೂರಾ ಹಿಡಿಯಿತು. ಈ ಧೂಳು ಗಾಜಿನದೆಂಬದನ್ನು ಮರೆಯಬಾರದು. ಮೂಗಿಗೆ ಒಳ್ಳೇ ಮುಖವಾಡ, ಕಣ್ಣಿಗೆ ಕನ್ನಡಕ, ಮಣಿಕಟ್ಟಿನ ತನಕ ತೋಳು, ಇವಿಲ್ಲದೆ ಈ ಕೆಲಸಕ್ಕೆ ಕೂರಬಾರದು. ಮೈಗೆ ತಾಗಿ ತುರಿಸಿದರೆ ತಣ್ಣೀರಿನಿಂದ ತೊಳೆಯಬೇಕು, ಉಜ್ಜಬಾರದು.

ಪುಡಿಯಾಗಿ ಹೋದ ತುಂಡಿನ ಜಾಗದಲ್ಲಿ ನೂಲಿನ ಹಾಸಿಗೆ ಆಧಾರವೇನು? ಇದಕ್ಕೆ ನನ್ನ ಮಗಳು ಉಪಾಯ ಕಂಡಳು. ಹಳೆಯ ಎಕ್ಸ್-ರೇ ಹಾಳೆ ಬಾಗುತ್ತದೆ, ಮಡಿಕೆ ಬೀಳುವದಿಲ್ಲ, ಅಂಟು ಅದಕ್ಕೆ ಹಿಡಿಯುವದಿಲ್ಲ. ಅವಳ ಅಪ್ಪನ ಎದೆಯ ಚಿತ್ರಗಳ ಒಂದು ಕಟ್ಟು ಬೀರುವಿನಲ್ಲಿ ಹಾಗೆಯೇ ಇತ್ತು. ಅದರಿಂದ ಒಂದನ್ನು ತೆಗೆದು, ಒಂದು ಕ್ಷಣ ಬೆಳಕಿಗೆ ಹಿಡಿದು ನೋಡಿ, ಕವಚದ ಹೊರಗಡೆಯಿಂದ ಅದರ ಬಾಗಿಗೆ ಸರಿಯಾಗಿ ಕಟ್ಟಿದಳು.

ಇನ್ನು ಅಂಟುದ್ರವ. ಪೇಟೆಯಲ್ಲಿ ಇದನ್ನು ರೆಸಿನ್ ಎಂದು ಕಿಲೋ ಲೆಕ್ಕದಲ್ಲಿ ಕೊಡುತ್ತಾರೆ. ಇದು ಪಾಲಿಯೆಸ್ಟರ್ ಜಾತಿಯದು. ಇದು ಗಟ್ಟಿಯಾಗಲು ಎರಡು ಸಾಮಾನುಗಳು ಬೇಕು. ಒಂದು, ನೇರಳೆ ಬಣ್ಣದ ಕೋಬಾಲ್ಟ್ ದ್ರಾವಣ. ಇನ್ನೊಂದು, ಹಾರ್ಡ್ನರ್ ಎಂದು ಅಂಗಡಿಯವರು ಹೇಳುವ ಮೀಥೈಲ್ ಈಥೈಲ್ ಕೀಟೋನ್ ಪೆರಾಕ್ಸೈಡ್. ಇವೆರಡನ್ನೂ ಒಂದಕ್ಕೊಂದು ನೇರವಾಗಿ ಎಂದಿಗೂ ಬೆರಸಬಾರದು. ಬೆರಸಿದರೆ ಸಿಡಿದು ಉರಿಯುವ ಭಯವುಂಟು. ಮೊದಲು ಕೋಬಾಲ್ಟನ್ನು ರೆಸಿನಿನಲ್ಲಿ ಚೆನ್ನಾಗಿ ಕಲಸಿ, ಆಮೇಲೆಯೇ ಹಾರ್ಡ್ನರನ್ನು ಹಾಕತಕ್ಕದ್ದು. ಅಂಗಡಿಯಲ್ಲೇ ಕೋಬಾಲ್ಟ್ ಬೆರಸಿದ ರೆಸಿನ್ ಸಿಗುತ್ತದೆ; ಮನೆಯಲ್ಲಿ ಮಾಡುವವರು ಅದನ್ನೇ ಕೇಳಿ ತರುವದು ಲೇಸು. ನಾವು ತಂದದ್ದೂ ಅದೇ. ನೂರು ಗ್ರಾಂ ರೆಸಿನಿಗೆ ಒಂದರಿಂದ ಎರಡು ಗ್ರಾಂ ಹಾರ್ಡ್ನರ್ ಸಾಕು. ಸೂಜಿಯಿಲ್ಲದ ಸಿರಿಂಜಿನಿಂದ ನನ್ನ ಮಗಳು ಅಳೆದಳು. ಅವಳಿಗೆ ಇದು ದಿನನಿತ್ಯದ ಕೆಲಸ. ಹಾರ್ಡ್ನರಿನ ಒಂದು ಹನಿ ಕಣ್ಣಿಗೆ ಸಿಡಿದರೂ ದೃಷ್ಟಿಗೆ ಅಪಾಯ. ವಾಸನೆ ತಲೆಗೆ ಏರತಕ್ಕದ್ದು, ಬೆಂಕಿಗೂ ಆಗದ್ದು. ಆದಕಾರಣ ಅಡಿಗೆಮನೆಯಿಂದ ದೂರ, ಗಾಳಿಯಾಡುವ ಜಗಲಿಯಲ್ಲಿ ಕೆಲಸ ಮಾಡಿದೆವು. ಕಲಸಿದ ಪಾತ್ರೆಗಳು ತಿರುಗಿ ಅಡಿಗೆಗೆ ಬರಬಾರದೆಂದು ಹೇಳಬೇಕಾಗಿಲ್ಲ.

ಹಾರ್ಡ್ನರ್ ಬಿದ್ದ ಮೇಲೆ ಕಾಲು ಗಂಟೆಯೊಳಗೆ ರೆಸಿನ್ ಗಂಜಿಯ ಕೆನೆಯಂತಾಗುತ್ತದೆ. ಆದ್ದರಿಂದ ಒಂದು ಸಲಕ್ಕೆ ಒಂದು ಹಿಡಿಯಷ್ಟೇ ಕಲಸಬೇಕು. ಹೆಚ್ಚು ಕಲಸಿ ಬಟ್ಟಲಿನಲ್ಲಿ ಬಿಟ್ಟರೆ ತನ್ನ ಕಾವಿನಿಂದಲೇ ಹೊಗೆಯೇಳುತ್ತದೆ. ಗಾಜಿನ ಹಾಸನ್ನು ಮ್ಯಾಟ್ ಎನ್ನುತ್ತಾರೆ. ಚದರ ಮೀಟರಿಗೆ 300 ಗ್ರಾಂ ತೂಗುವಂಥಾದ್ದು ಕವಚಕ್ಕೆ ತಕ್ಕದ್ದು. ಇದನ್ನು ಕತ್ತರಿಯಿಂದ ಕತ್ತರಿಸಬಾರದೆಂದು ಹಿರಿಯರು ಹೇಳಿದರು. ದರ್ಜಿಯ ಕೈಗೆ ಇದು ಕಷ್ಟದ ಅಪ್ಪಣೆ! ಕೈಯಿಂದ ಹರಿದರೆ ಅಂಚಿನ ಎಳೆಗಳು ಉದ್ದಗಿಡ್ಡವಾಗಿ ಚದರಿ ತೇಪೆಯ ಅಂಚು ತೆಳ್ಳಗೆ ಲೀನವಾಗುತ್ತದೆ. ಮೂರು ತುಂಡುಗಳು, ಒಂದಕ್ಕಿಂತ ಒಂದು ಬೆರಳಗಲ ದೊಡ್ಡವು. ಉಜ್ಜಿದ ಮೈಗೆ ಮೊದಲು ರೆಸಿನ್ ಸವರಿ, ಸಣ್ಣದನ್ನಿಟ್ಟು ಕುಂಚದಿಂದ ಕುಟ್ಟಬೇಕು. ಎಳೆಯಬಾರದು, ಎಳೆದರೆ ನೂಲು ಕುಂಚದ ಸಂಗಡ ಎದ್ದು ಬರುತ್ತದೆ. ಬೆಳ್ಳಗಿದ್ದ ಹಾಸು ರೆಸಿನ್ ಕುಡಿದಂತೆಲ್ಲಾ ಒದ್ದೆ ಮಲ್ಲಿನ ಬಟ್ಟೆಯ ಹಾಗೆ ಪಾರದರ್ಶಕವಾಗುತ್ತದೆ. ಎಲ್ಲಿಯಾದರೂ ಬಿಳುಪು ಉಳಿದರೆ ಅಲ್ಲಿ ಗಾಳಿ ನಿಂತಿದೆಯೆಂದು ಅರ್ಥ. ಮ್ಯಾಟಿನ ತೂಕದ ಎರಡರಷ್ಟು, ಎರಡೂವರೆಯಷ್ಟು ರೆಸಿನ್ ಸಾಕು. ಬಲವಿರುವದು ನೂಲಿನಲ್ಲಿ, ರೆಸಿನ್ ಹೆಚ್ಚಾದರೆ ತೇಪೆ ಗಾಜಿನ ಬಳೆಯಂತೆ ಪೆಡಸಾಗುತ್ತದೆ. ಗಾಳಿ ತಗಲುವ ಮೇಲ್ಮೈ ಬಹಳ ಹೊತ್ತು ಜಿಗುಟಾಗಿಯೇ ಇರುವದರಿಂದ ಮೂರನೆಯ ತುಂಡಿನ ಮೇಲೆ ಇನ್ನೊಂದು ಎಕ್ಸ್-ರೇ ಹಾಳೆಯನ್ನು ಒತ್ತಿಟ್ಟೆವು.

ಮರುದಿನ ಹಾಳೆಯನ್ನು ಎತ್ತಿದಾಗ ತೂತಿದ್ದ ಜಾಗದಲ್ಲಿ ಕವಚದ ಬಾಗು ಹಾಗೆಯೇ ಮುಂದುವರಿದಿತ್ತು. ಮಗಳು ಅದನ್ನು ಬೆರಳಿನ ಗೆಣ್ಣಿನಿಂದ ತಟ್ಟಿದಳು. ಸತ್ತ ಸದ್ದಿಲ್ಲ, ಉಳಿದ ಮೈಯ ಸದ್ದೇ ಇಲ್ಲಿಯೂ.

ಹೊರಮೈಯ ಕೆಲಸವನ್ನು ಪೇಟೆಯ ಪೆಯಿಂಟರ ಹುಡುಗನೂ ಬಲ್ಲನು, ಬೇಗ ಮುಗಿಸುತ್ತೇನೆ. ಪುಟ್ಟಿ ತೆಳ್ಳಗೆ, 120ರಿಂದ 400ರ ತನಕ ಉಪ್ಪುಕಾಗದ, ಪ್ರೈಮರು, ಮೂರು ತೆಳುವಾದ ಸಿಂಪಡಿಕೆ ಬಣ್ಣ. ಹಳೆಯ ಬಣ್ಣಕ್ಕೆ ಹೊಸದು ಎಂದಿಗೂ ಸರಿಕೂಡುವದಿಲ್ಲವಾದ್ದರಿಂದ ತೇಪೆಗೆ ಮಾತ್ರ ಬಳಿಯದೆ ಆ ಬದಿಯ ಅಂಚಿನ ತನಕ ಪೂರಾ ಬಳಿದೆವು.

ಒಡಕಿಗೆ ಬಿದ್ದದ್ದೊಂದೇ ಕಾರಣವಲ್ಲವೆಂಬದು ಉಜ್ಜುವಾಗ ತಿಳಿಯಿತು. ಬೋಲ್ಟಿನ ತೂತುಗಳ ಸುತ್ತ ಹಳೆಯ, ಮಣ್ಣು ತುಂಬಿದ ಬಿರುಕುಗಳಿದ್ದವು. ಬೋಲ್ಟನ್ನು ಕಬ್ಬಿಣಕ್ಕೆ ಬಿಗಿದಂತೆ ಬಿಗಿದರೆ ಎಂಜಿನಿನ ನಡುಕವೆಲ್ಲಾ ಆ ತೂತಿನ ಅಂಚಿಗೇ ಬರುವದು. ತೂತುಗಳ ಹಿಂದೆ ಎರಡು ಪದರು ಮ್ಯಾಟ್ ಕೂರಿಸಿ, ತೂತನ್ನು ಸ್ವಲ್ಪ ದೊಡ್ಡದು ಮಾಡಿ, ಹಳೆಯ ಸೈಕಲ್ ಟ್ಯೂಬಿನಿಂದ ಬಿಲ್ಲೆಗಳನ್ನು ಕತ್ತರಿಸಿ ಎರಡೂ ಕಡೆ ಇಟ್ಟೆವು. ಕವಚವನ್ನು ಹೊರುವ ಕಬ್ಬಿಣದ ಕೈ ಬಾಗಿತ್ತು. ಅದನ್ನು ಮನೆಯಲ್ಲಿ ಬಡಿಯದೆ ವೆಲ್ಡಿಂಗಿನವರಲ್ಲಿ ಸರಿಮಾಡಿಸಿದೆವು. ದೀಪದ ಭಾರವೆಲ್ಲಾ ಅದರ ಮೇಲೆಯೇ.

ಲೆಕ್ಕ ಹೀಗಿದೆ. ರೆಸಿನ್ ಒಂದು ಕಿಲೋ, ಹಾರ್ಡ್ನರ್ ಸಹಿತ 380 ರೂಪಾಯಿ, ಮ್ಯಾಟ್ 120, ಅಸಿಟೋನ್ 130, ಉಪ್ಪುಕಾಗದ 90, ಪುಟ್ಟಿ 160, ಪ್ರೈಮರು ಮತ್ತು ಬಣ್ಣ 560, ಕುಂಚ, ಕೈಚೀಲ, ಮುಖವಾಡ 150, ವೆಲ್ಡಿಂಗ್ 150. ಒಟ್ಟು 1,740 ರೂಪಾಯಿ ಮತ್ತು ಒಂಬತ್ತು ದಿನ. ಆ ಒಂಬತ್ತು ದಿನ ಮಗಳು ರಾತ್ರಿಯ ಪಾಳಿಯನ್ನು ಸಂಗಾತಿಯ ಹಗಲಿನ ಪಾಳಿಗೆ ಬದಲಾಯಿಸಿಕೊಂಡಿದ್ದಳು.

ಇದನ್ನೋದಿ ಯಾರಾದರೂ ಬಿರುಕು ಬಿಟ್ಟ ಹೆಲ್ಮೆಟ್ಟಿಗೂ ಹೀಗೆ ತೇಪೆ ಹಾಕಿಯಾರೆಂಬ ಭಯದಿಂದ ಹೇಳುತ್ತೇನೆ. ಕೆಲವು ಹೆಲ್ಮೆಟ್ಟುಗಳ ಹೊರಚಿಪ್ಪೂ ಫೈಬರ್ ಗ್ಲಾಸಿನದೇ. ಆದರೆ ಒಂದು ಸಲ ಪೆಟ್ಟು ತಿಂದ ಹೆಲ್ಮೆಟ್ಟು ತನ್ನ ಕೆಲಸವನ್ನು ಮುಗಿಸಿದೆ. ಒಳಗಿನ ಮೆತ್ತೆ ಅಮರಿಹೋದದ್ದು ಹೊರಗೆ ಕಾಣುವದಿಲ್ಲ. ಅದನ್ನು ಒಡೆದು ಬಿಸಾಡಬೇಕು. ಕವಚ ಗಾಳಿಯನ್ನು ತಡೆಯುತ್ತದೆ, ಹೆಲ್ಮೆಟ್ಟು ಪ್ರಾಣವನ್ನು. ಆ ದಿನ ಬಿದ್ದಾಗ ಮಗಳ ಹೆಲ್ಮೆಟ್ಟೂ ರಸ್ತೆಗೆ ತಗಲಿತ್ತಾದ್ದರಿಂದ, ಉಳಿದ ಹಣದಲ್ಲಿ ನಾನು ಮೊದಲು ಮಾಡಿದ ಕೆಲಸವೆಂದರೆ ಐ.ಎಸ್.ಐ. ಗುರುತಿನ ಹೊಸದೊಂದನ್ನು ಕೊಂಡದ್ದು. ಬೆಲೆಯಲ್ಲಿ ಚೌಕಾಸಿ ಮಾಡಲಿಲ್ಲ.

ಗಾಡಿಯನ್ನು ಹೊರಗೆ ತೆಗೆದ ಸಂಜೆ ಭಾವನವರು ಬಂದಿದ್ದರು. ಕವಚದ ಎಡಬದಿಯ ಮೇಲೆ ಕೈಯಾಡಿಸಿ, ಒಡೆದದ್ದು ಎಲ್ಲಿಯೆಂದು ಕೇಳಿದರು, ಮಗಳು ಹೇಳಲಿಲ್ಲ. "ದೊಡ್ಡಪ್ಪಾ, ನೀವೇ ಹುಡುಕಿ" ಎಂದಳು. ಮಾರುವ ಮಾತು ಆ ಮೇಲೆ ಬರಲಿಲ್ಲ. ಹದಿನೈದು ದಿನಗಳ ಮೇಲೆ ಅವರೇ ತಮ್ಮ ಸ್ಕೂಟರಿನ ಒಡೆದ ಮುಂಗವಚವನ್ನು ಚೀಲದಲ್ಲಿ ಹಾಕಿಕೊಂಡು ಬಂದರು. ಒಳಗಡೆ ಎ.ಬಿ.ಎಸ್. ಎಂದು ಅಚ್ಚಾಗಿತ್ತು. ಅದೇ ಪ್ಲಾಸ್ಟಿಕ್ಕಿನ ಚೂರುಗಳನ್ನು ಅಸಿಟೋನಿನಲ್ಲಿ ಕರಗಿಸಿದ ಗಂಜಿಯಿಂದ ಅದನ್ನು ಬೆಸೆಯಬಹುದೆಂದು ತಿಳಿಸಿ, ಉಳಿದಿದ್ದ ಅಸಿಟೋನನ್ನು ಕೊಟ್ಟು ಕಳುಹಿಸಿದೆ.

ಅಲ್ಲಿಂದ ಈಚೆಗೆ ಎರಡು ಮಳೆಗಾಲಗಳು ಕಳೆದಿವೆ. ತಿಂಗಳಿಗೊಮ್ಮೆ ಗಾಡಿ ತೊಳೆಯುವಾಗ ಮಗಳು ತೇಪೆಯ ಅಂಚನ್ನು ಉಗುರಿನಿಂದ ತಡವಿ ನೋಡುತ್ತಾಳೆ. ರಬ್ಬರಿನ ಬಿಲ್ಲೆಗಳು ಬಿಸಿಲಿಗೆ ಸಿಡಿದುದರಿಂದ ಅವನ್ನು ಒಂದು ಸಲ ಬದಲಾಯಿಸಿದೆವು. ಉಳಿದ ರೆಸಿನ್ ಡಬ್ಬಿಯಲ್ಲೇ ಗಟ್ಟಿಯಾಗುವ ಮುಂಚೆ ನೆರೆಮನೆಯವರ ನೀರಿನ ತೊಟ್ಟಿಯ ಮುಚ್ಚಳಕ್ಕೆ ಉಪಯೋಗವಾಯಿತು. ಮ್ಯಾಟ್ ಇನ್ನೂ ಒಂದು ಗಜದಷ್ಟು ಬಿಸ್ಕೀಟಿನ ಡಬ್ಬಿಯಲ್ಲಿದೆ.